ನಶಿಸುತ್ತಿರುವ ರೊಟ್ಟಿ: ಒಂದು ಅಧ್ಯಯನ

ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಾನು ನಮ್ಮ ಜಿಲ್ಲೆಯಿಂದ ಜೋಳದ ರೊಟ್ಟಿ ಕಾಣೆಯಾಗುತ್ತಿದೆ ಎಂದು ಸಂಶೋಧನೆ ಮಾಡಿ ಸಾಬೀತುಪಡಿಸಿದ್ದೆ. ಆ ಸಂಶೋಧನೆ ಮುಗಿಯುವ ಹೊತ್ತಿಗೆ ನನ್ನ ಯೂನಿಫಾರ್ಮಿನ ಸೊಂಟ ಬಿಗಿಯಾಗಿ, ಅವ್ವ ಹೊಲಿಗೆ ಬಿಚ್ಚಿ ಸಡಿಲು ಮಾಡಬೇಕಾಯಿತು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೂ ಇರಲಿಲ್ಲ, ನನ್ನ ಪ್ರಬಂಧಕ್ಕೆ ತಾಲೂಕಿನಲ್ಲಿ ಮೊದಲ ಬಹುಮಾನ ಕೊಟ್ಟವರಿಗೂ ಇರಲಿಲ್ಲ.

ನಮ್ಮೂರು ಇಂಗಳೇಶ್ವರ, ಹೈಸ್ಕೂಲು ಬಸವನ ಬಾಗೇವಾಡಿಯಲ್ಲಿ. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಿದ್ದೆ. ಸಮಾಜ ವಿಜ್ಞಾನ ಕಲಿಸುವ ಸರ್ ಒಂದು ದಿನ ಹಾಜರಿಯನ್ನೂ ತೆಗೆದುಕೊಳ್ಳದೆ ಬೋರ್ಡಿನ ಮೇಲೆ ‘ಸ್ವತಂತ್ರ ಸಂಶೋಧನಾ ಪ್ರಬಂಧ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

“ಪುಸ್ತಕದಾಗಿಂದು ಬ್ಯಾಡ, ಮೊಬೈಲದಾಗಿಂದು ಬ್ಯಾಡ. ನಿಮ್ಮ ಕಣ್ಣಿಗಿ ಕಂಡದ್ದರ ಬಗ್ಗೆ ಒಂದು ಪ್ರಶ್ನಿ ಕೇಳ್ರಿ. ಮನಿ ಮನಿಗಿ ಹೋಗಿ ಉತ್ತರ ಹುಡುಕ್ರಿ. ಏನ ಸಿಗ್ತೈತಿ ಅದನ್ನ ಬರೀರಿ,” ಅಂದರು.

ಹಿಂದಿನ ಬೆಂಚಿನಿಂದ ಯಾರೋ “ಎಷ್ಟ ಪುಟ ಬರೀಬೇಕ್ರಿ ಸರ್?” ಅಂದರು. ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ‘ಪ್ರಾಕ್ಕಲ್ಪನೆ’ ಎಂಬ ಶಬ್ದ ಬರೆದು, ಸಂಶೋಧನೆ ಶುರು ಮಾಡುವ ಮೊದಲು ನಾವು ಏನು ಊಹೆ ಮಾಡಿಕೊಂಡಿರುತ್ತೇವೋ ಅದು, ಅದು ತಪ್ಪೂ ಆಗಬಹುದು ಎಂದು ವಿವರಿಸಿದರು. ನಾನು ಆ ಶಬ್ದವನ್ನು ಅಂದವಾಗಿ ಬರೆದುಕೊಂಡೆ. ತಪ್ಪೂ ಆಗಬಹುದು ಎಂಬುದನ್ನು ಬರೆದುಕೊಳ್ಳಲಿಲ್ಲ. ನನ್ನ ಊಹೆ ತಪ್ಪಾಗುವ ಸಂಭವ ನನಗೆ ಕಾಣಿಸಿರಲಿಲ್ಲ.

ಛಲೋ ಬರೆದವರ ಪ್ರಬಂಧ ತಾಲೂಕು ಮಟ್ಟಕ್ಕೆ, ಅಲ್ಲಿ ಗೆದ್ದರೆ ವಿಜಯಪುರಕ್ಕೆ ಹೋಗುತ್ತಿತ್ತು. ಸ್ಟಾಫ್ ರೂಮಿನ ಗೋಡೆಗೆ ಹಿಂದಿನ ವರ್ಷಗಳಲ್ಲಿ ಗೆದ್ದ ಪ್ರಬಂಧಗಳ ಹೆಸರು ಅಂಟಿಸಿದ್ದರು. ನಶಿಸುತ್ತಿರುವ ಗುಬ್ಬಿಗಳು. ನಶಿಸುತ್ತಿರುವ ಬಾವಿಗಳು. ನಶಿಸುತ್ತಿರುವ ಗ್ರಾಮೀಣ ಆಟಗಳು. ಅದನ್ನು ಓದಿ ನಾನು ನನ್ನ ಜೀವನದ ಮೊದಲ ಸಂಶೋಧನಾತ್ಮಕ ತೀರ್ಮಾನಕ್ಕೆ ಬಂದೆ. ಬಹುಮಾನ ಬೇಕೆಂದರೆ ಏನಾದರೊಂದು ನಶಿಸಬೇಕು.

ಊರೆಲ್ಲ ಹುಡುಕಿದರೂ ನಶಿಸುವಂಥದ್ದು ಏನೂ ಕೈಗೆ ಸಿಗಲಿಲ್ಲ. ಬೀಸುವ ಕಲ್ಲು ನಾನು ಹುಟ್ಟುವ ಮೊದಲೇ ಮೂಲೆ ಸೇರಿತ್ತು, ಅದು ತಡವಾಯಿತು. ಎಮ್ಮೆಗಳ ಮೇಲೆ ಬರೆಯೋಣವೆಂದರೆ ಬಾಜೂ ಮನೆಯವರು ಅದೇ ವಾರ ಇನ್ನೊಂದು ಎಮ್ಮೆ ತಂದು ಕಟ್ಟಿದರು. ಕೊನೆಗೆ ಒಂದು ದಿನ ಶಾಲೆಯಲ್ಲಿ ಊಟಕ್ಕೆ ಕೂತಾಗ ಗೆಳತಿಯ ಡಬ್ಬಿಯಲ್ಲಿ ಚಪಾತಿ ಕಂಡಿತು. ಒಂದೇ ಡಬ್ಬಿ. ನನಗೆ ಅಷ್ಟು ಸಾಕಾಯಿತು. ಸಂಜೆ ಬಸ್ಸು ಇಳಿಯುವ ಹೊತ್ತಿಗೆ ನಾಲ್ಕು ತಾಲೂಕುಗಳಲ್ಲಿ ರೊಟ್ಟಿ ಅವನತಿಯ ಹಾದಿ ಹಿಡಿದಿತ್ತು.

ಮನೆಗೆ ಬಂದವಳೇ ಈ ಸುದ್ದಿಯನ್ನು ಮೊದಲು ಹೇಳಿದ್ದು ನಮ್ಮ ಅತ್ತಿಯ ಮುಂದೆ. ಅತ್ತಿ ಅಂದರೆ ಅಪ್ಪನ ತಂಗಿ. ಅವಳ ಗಂಡನ ಮನೆ ಮುದ್ದೇಬಿಹಾಳ. ಮಾಮ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು ಇದ್ದಳು. ಮದುವೆ, ಕುಬಸ, ಮನೆ ಶಾಂತಿ ಇದ್ದವರು ಅವಳಿಗೆ ರೊಟ್ಟಿ ಹೇಳಿ ಹೋಗುತ್ತಿದ್ದರು. ಮಧ್ಯಾಹ್ನವಿಡೀ ಹಿತ್ತಿಲ ಒಲೆಯ ಮುಂದೆ ಕೂತು ರೊಟ್ಟಿ ಬಡಿದು, ಒಣಗಿಸಿ, ಖಡಕ್ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದಳು.

“ಅತ್ತಿ, ರೊಟ್ಟಿ ನಶಿಸಾಕತ್ತೈತಿ,” ಅಂದೆ.

ಅತ್ತಿ ಹಂಚಿನ ಮೇಲಿನದನ್ನು ತಿರುವಿ ಹಾಕಿದಳು. “ಯಾವುದು, ಇದಾ?”

“ಇದಲ್ಲ. ಒಟ್ಟ.”

“ಹೌದಾ? ನಾಳಿಗಿ ಮದವಿ ಮನಿಯವರು ಎರಡ ಗಂಟ ಹೇಳ್ಯಾರಲ್ಲವಾ,” ಅಂದಳು. ಆಮೇಲೆ ನನ್ನ ಮುಖ ನೋಡಿ, “ಇರಲಿ, ಸಾಲ್ಯಾಗ ಹೇಳ್ಯಾರಂದ್ರ ಖರೇನ ಇರಬೇಕು,” ಎಂದು ಸೇರಿಸಿದಳು.

ಆ ದಿನಗಳಲ್ಲಿ ಅತ್ತಿಯ ಮನಸ್ಸಿನಲ್ಲಿ ಇದ್ದದ್ದು ಒಂದೇ ಒಂದು. ಬಾಗೇವಾಡಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಹಿಡಿದು ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಕೆಂಪು ಖಾರ ಮಾರಬೇಕೆಂಬುದು ಅವಳ ಆಸೆ. ಎಲ್ಲಿ ಹಂಚು ಇಡಬೇಕು, ಎಲ್ಲಿ ತಾನು ಕೂರಬೇಕು ಎಂಬುದೆಲ್ಲ ತಲೆಯಲ್ಲಿ ಸಿದ್ಧವಾಗಿತ್ತು. ಬಸ್ಸಿನಲ್ಲಿ ಆ ಅಂಗಡಿಯ ಮುಂದೆ ಹಾಯುವಾಗ ಪ್ರತಿಸಲ ಕತ್ತು ತಿರುಗಿಸಿ ನೋಡುತ್ತಿದ್ದಳು. ಅಪ್ಪನನ್ನು ಕೇಳಿದ್ದಳು. ಅಪ್ಪ ಬೇಡ ಅಂದಿರಲಿಲ್ಲ, ಹ್ಞೂಂ ಅಂತಲೂ ಅಂದಿರಲಿಲ್ಲ. ನಮ್ಮ ಮನೆ ಹೆಣ್ಣುಮಗಳು ಬಸ್ ಸ್ಟ್ಯಾಂಡಿನಲ್ಲಿ ಕೂತು ವ್ಯಾಪಾರ ಮಾಡಿದರೆ ಜನ ಏನಂದಾರು ಎಂಬುದು ಅವನ ಒಳಗಿನ ಮಾತು. ಅದನ್ನು ತಂಗಿಯ ಮುಖಕ್ಕೆ ಹೇಳಲಾರದೆ “ನೋಡೂಣು, ನೋಡೂಣು” ಎನ್ನುತ್ತ ದಿನ ತಳ್ಳುತ್ತಿದ್ದ.

ನನಗೆ ಇದೆಲ್ಲ ಗೊತ್ತಿತ್ತು. ಆದರೆ ನಾನು ಸಂಶೋಧಕಿಯಾಗಿದ್ದೆ, ಮನೆಯ ಮಾತು ಕೇಳಲು ಪುರುಸೊತ್ತು ಇರಲಿಲ್ಲ.

ಪ್ರಶ್ನಾವಳಿ ಸಿದ್ಧವಾಯಿತು. ನಿಮ್ಮ ಮನೆಯಲ್ಲಿ ರೊಟ್ಟಿ ಮಾಡುವುದು ಮೊದಲಿಗಿಂತ ಕಡಿಮೆಯಾಗಿದೆಯೇ? ಇಂದಿನ ಹುಡುಗಿಯರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ನಿಜವೇ? ರೊಟ್ಟಿಯ ಜಾಗವನ್ನು ಚಪಾತಿ, ಅನ್ನ ಆಕ್ರಮಿಸಿವೆಯೇ? ಹೌದು ಅಥವಾ ಇಲ್ಲ. ಎಲ್ಲ ಪ್ರಶ್ನೆಗಳನ್ನೂ ನನಗೆ ಬೇಕಾದ ಉತ್ತರ ‘ಹೌದು’ ಆಗುವ ಹಾಗೆ ಹೊಸೆದಿದ್ದೆ. ಎಣಿಸುವಾಗ ಗಲಿಬಿಲಿ ಆಗಬಾರದು ನೋಡಿ, ಅದಕ್ಕೆ.

ಆಮೇಲೆ ಮನೆ ಮನೆ ತಿರುಗಿದೆ. ನಮ್ಮ ಕಡೆ ಯಾರ ಮನೆಗಾದರೂ ಹೋಗಿ ನೇರವಾಗಿ ಪ್ರಶ್ನೆ ಕೇಳುವಂತಿಲ್ಲ. ಮೊದಲು ನೀನು ಯಾರ ಮಗಳು, ನಿಮ್ಮ ಅವ್ವನ ತವರು ಯಾವುದು, ನಾಲತವಾಡದ ನಿಮ್ಮ ಆಯಿ, ಅಂದರೆ ಅವ್ವನ ಅವ್ವ, ಹೇಗಿದ್ದಾಳೆ ಎಂಬುದೆಲ್ಲ ಇತ್ಯರ್ಥವಾಗಬೇಕು. ಅಷ್ಟರಲ್ಲಿ ತಾಟು ಬಂದಿರುತ್ತದೆ. ಯಾವ ಹೊತ್ತಿಗೆ ಹೋದರೂ ಅದು ಊಟದ ಹೊತ್ತೇ. ಬೇಡವೆಂದರೆ, “ನಮ್ಮ ಮನ್ಯಾಗ ಉಣ್ಣಂಗಿಲ್ಲೇನ?” ಎಂದು ಮುಖ ಸಣ್ಣ ಮಾಡುತ್ತಾರೆ. ಹೀಗಾಗಿ ಎಡಗೈಯಲ್ಲಿ ಪ್ರಶ್ನಾವಳಿ ಹಿಡಿದು, ಬಲಗೈಯಲ್ಲಿ ರೊಟ್ಟಿ ಮುರಿಯುತ್ತ ರೊಟ್ಟಿಯ ಅವನತಿಯ ಕುರಿತು ವಿಚಾರಣೆ ನಡೆಸುತ್ತಿದ್ದೆ.

ಮೊದಲನೇ ದಿನ ನಮ್ಮ ಓಣಿಯ ಒಬ್ಬ ಆಯಿಯ ಮನೆಗೆ ಹೋದೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟು, ಎದುರಿಗೆ ಕೂತು ನನ್ನ ಪ್ರಶ್ನೆಗಳನ್ನು ಗಮನವಿಟ್ಟು ಕೇಳಿದಳು.

“ಯಾವುದ ಅಂದ್ರ ನಿನಗ ಛಲೋ ಆಗ್ತೈತವಾ? ಹೌದು ಅನ್ಲ್ಯಾ, ಇಲ್ಲ ಅನ್ಲ್ಯಾ?”

“ಹಂಗೇನ ಇಲ್ಲ ಆಯಿ. ಆದ್ರ… ಹೌದು ಅಂದ್ರ ಛಲೋ.”

“ಹಂಗಾರ ಎಲ್ಲಾದಕ್ಕೂ ಹೌದು ಬರಕೋ. ಹುಡುಗಿ ಪಾಸಾಗ್ಲಿ. ಇನ್ನೊಂದ ಹಾಕ್ಲಿ?”

ಇನ್ನೊಂದು ಹಾಕಿದಳು. ನಾನು ಎಲ್ಲದಕ್ಕೂ ಹೌದು ಬರೆದುಕೊಂಡೆ. ಮರುದಿನದಿಂದ ಈ ಪ್ರಶ್ನೆ ಕೇಳುವ ತೊಂದರೆಯೂ ಯಾರಿಗೂ ಉಳಿಯಲಿಲ್ಲ. ನನ್ನ ಪ್ರಶ್ನೆಗೆ ಏನು ಅನ್ನಬೇಕು ಎಂಬ ಸುದ್ದಿ ನನಗಿಂತ ಮುಂದೆ ಹೋಗಿ ಓಣಿಯೆಲ್ಲ ಮುಟ್ಟಿತ್ತು. ನಾನು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ “ಹೌದು ಅಂತ ಬರಕೋವಾ, ಹಾಂ, ಕೈ ತೊಳಕೋ” ಎಂದು ಕೇಳಿಬರುತ್ತಿತ್ತು. ಜನರಲ್ಲಿ ಸಮಸ್ಯೆಯ ಬಗ್ಗೆ ಎಷ್ಟು ಅರಿವಿದೆ ಎಂದು ನಾನು ಹಿಗ್ಗಿದೆ.

ಪ್ರಬಂಧಕ್ಕೆ ‘ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ವಿಶೇಷ ಅವಲೋಕನ’ ಎಂದು ಉಪಶೀರ್ಷಿಕೆ ಕೊಟ್ಟಿದ್ದೆ. ಇದರಲ್ಲಿ ಮುದ್ದೇಬಿಹಾಳ ತಾಲೂಕು ಎಂದರೆ ನಾಲತವಾಡದ ನಮ್ಮ ಆಯಿ ಮತ್ತು ಅವಳ ಅಕ್ಕಪಕ್ಕದವರು. ಸಿಂದಗಿಯಲ್ಲಿ ನಮ್ಮ ದೊಡ್ಡವ್ವನ ಸೊಸೆಯ ಕುಬಸ ಇತ್ತು. ಬಸುರಿಗೆ ಹಸಿರು ಬಳೆ ತೊಡಿಸಿ, ಆರತಿ ಮಾಡುವ ಆ ಕಾರ್ಯಕ್ಕೆ ಇಂಡಿಯ ಬೀಗರೂ ಬಂದಿದ್ದರು. ಎರಡು ತಾಲೂಕುಗಳ ಕ್ಷೇತ್ರಕಾರ್ಯ ಒಂದೇ ಚಾಪೆಯ ಮೇಲೆ ಮುಗಿಯಿತು. ಅಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಶೇಂಗಾ ಹೋಳಿಗೆ ಇದ್ದವು. ಇಂಡಿಯ ಬೀಗತಿಯೊಬ್ಬಳು ರೊಟ್ಟಿ ಸಾಲಲಿಲ್ಲವೆಂದು ಅಡುಗೆಯವರ ಜೊತೆ ಜಗಳ ತೆಗೆದಳು. ಆ ಜಗಳ ಮುಗಿಯುವವರೆಗೆ ಕಾದು ನಿಂತು, ಅವಳ ಹತ್ತಿರವೂ ಮೂರು ಹೌದು ಬರೆಸಿಕೊಂಡೆ.

ಎಲ್ಲರಿಗಿಂತ ಕೊನೆಗೆ ಕೇಳಿದ್ದು ಅತ್ತಿಯನ್ನು. ಮನೆಯವಳೇ ಅಲ್ಲವೇ, ಎಲ್ಲಿ ಹೋಗುತ್ತಾಳೆ ಎಂದು ಬಿಟ್ಟಿದ್ದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದಳು. ಮೊದಲ ಪ್ರಶ್ನೆ ಓದಿದೆ.

“ನಾ ಇಲ್ಲ ಅಂದ್ರ ಏನ ಆಗ್ತೈತಿ?”

“ನೂರಕ್ಕ ನೂರು ಆಗಂಗಿಲ್ಲ ಅತ್ತಿ. ಎಲ್ಲಾರೂ ಹೌದು ಅಂದಾರ.”

ಅವಳು ಹಿಟ್ಟಿನ ಉಂಡೆಯನ್ನು ಬಡಿಯದೆ ಅಂಗೈಯಲ್ಲಿ ತಿರುಗಿಸುತ್ತಲೇ ಇದ್ದಳು. ಆಮೇಲೆ, “ಹೌದು ಅಂತ ಹಾಕು,” ಅಂದಳು. ನಾನು ಹಾಕಿದೆ. ಅವಳಿಗೆ ಉತ್ತರ ಕೊಡಲು ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದು ಯೋಚಿಸಲಿಲ್ಲ. ನೂರಕ್ಕೆ ನೂರು ಎಂಬುದನ್ನು ಬಣ್ಣದ ಸ್ಕೆಚ್ ಪೆನ್ನಿನಿಂದ ಬರೆಯಬೇಕೋ, ಡಿಟಿಪಿ ಅಂಗಡಿಯಲ್ಲಿ ದಪ್ಪ ಅಕ್ಷರ ಮಾಡಿಸಬೇಕೋ ಎಂಬ ಚಿಂತೆಯಲ್ಲಿದ್ದೆ.

ದಪ್ಪ ಅಕ್ಷರವೇ ಆಯಿತು. ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಸರ್ ಓದಿ, “ಒಬ್ಬರೂ ಇಲ್ಲ ಅನ್ನಲಿಲ್ಲೇನ?” ಎಂದು ಎರಡು ಸಲ ಕೇಳಿದರು. “ಒಬ್ಬರೂ ಇಲ್ರಿ ಸರ್,” ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ತಾಲೂಕಿನಲ್ಲಿ ಮೊದಲ ಬಹುಮಾನ ಬಂತು. ತೀರ್ಪುಗಾರರು ‘ಆತಂಕಕಾರಿ ಅಂಶಗಳನ್ನು ಬೆಳಕಿಗೆ ತಂದ ಪ್ರಬಂಧ’ ಎಂದು ಹೊಗಳಿದರು. ಆ ದಿನ ಅವರಿಗೂ ಮಧ್ಯಾಹ್ನದ ಊಟಕ್ಕೆ ರೊಟ್ಟಿಯೇ ಇತ್ತು. ನಾನೇ ಬಡಿಸಿದ್ದೆ.

ನಮ್ಮ ಅಪ್ಪ ಬಜಾರಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅಚ್ಚಾದ ಅಕ್ಷರದ ಮೇಲೆ ಅವನಿಗೆ ಬಲು ನಂಬಿಕೆ. ಅದಕ್ಕೆ ಬೈಂಡಿಂಗ್ ಬೇರೆ ಆಗಿದ್ದರೆ ಕೇಳುವುದೇ ಬೇಡ. ಮನೆಗೆ ಬಂದವರಿಗೆಲ್ಲ ಪ್ರಬಂಧ ತೆಗೆದು ತೋರಿಸುತ್ತಿದ್ದ. ಒಂದು ಸಂಜೆ ಅತ್ತಿ ಚಾ ತಂದಿಟ್ಟು, ಅಂಗಡಿಯ ಮಾಲೀಕರು ಈ ವಾರದೊಳಗೆ ಏನಾದರೂ ಹೇಳಿ ಅಂದಿದ್ದಾರೆಂದು ಮೆಲ್ಲಗೆ ಮಾತು ತೆಗೆದಳು. ಅಪ್ಪನ ಮುಖ ಅರಳಿತು. ಎಷ್ಟೋ ದಿನದಿಂದ ಹುಡುಕುತ್ತಿದ್ದ ಮರ್ಯಾದಸ್ಥ ಕಾರಣ ಅವನ ಕೈಯಲ್ಲೇ ಇತ್ತು.

“ನೋಡವಾ, ನಾ ಬ್ಯಾಡ ಅನ್ನೂದಿಲ್ಲ. ಹುಡುಗಿ ನಾಕ ತಾಲೂಕ ತಿರಗಿ ರಿಸರ್ಚ್ ಮಾಡ್ಯಾಳ. ಮುಂದ ರೊಟ್ಟಿ ತಿನ್ನೋರ ಇರಂಗಿಲ್ಲಂತ. ನೂರಕ್ಕ ನೂರ ಮಂದಿ ಹೇಳ್ಯಾರ. ನೀನೂ ಹೇಳಿದಿಯಂತ. ತಿನ್ನೋರ ಇಲ್ಲದ ಮ್ಯಾಲ ಅಂಗಡಿ ಹಾಕಿ ಏನ ಮಾಡ್ತಿ?”

ಅತ್ತಿ ನನ್ನ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಸುಮ್ಮನೆ ನೋಡಿ, “ಹೌದಲಾ, ನಾನೂ ಹೇಳೇನಿ,” ಅಂದಳು. ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಅವಳ ಹಿಂದೆ ಹೋಗಬೇಕೆಂದು ಎದ್ದು ನಿಂತೆ, ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಒಂದು ಹೆಮ್ಮೆಯೂ ಇತ್ತು. ಒಂಬತ್ತನೇ ಇಯತ್ತೆಯ ಹುಡುಗಿಯ ಸಂಶೋಧನೆಯ ಮೇಲೆ ಒಂದು ಮನೆತನ ತೀರ್ಮಾನ ತೆಗೆದುಕೊಳ್ಳುತ್ತಿದೆಯಲ್ಲ ಎಂದು.

ವಿಜಯಪುರದ ಸ್ಪರ್ಧೆಗೆ ಅಪ್ಪ ರಜೆ ಹಾಕಿ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಬಂಧದ ಇನ್ನೊಂದು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ನಾನು ಮೈಕಿನ ಮುಂದೆ ನಿಂತು ರೊಟ್ಟಿಯ ದುರಂತವನ್ನು ಕಣ್ಣಲ್ಲಿ ನೀರು ಬರುವ ಹಾಗೆ ವಿವರಿಸಿದೆ. ಕೊನೆಗೆ ಸರ್ ಹೇಳಿಕೊಟ್ಟಿದ್ದಂತೆ, ಸಹಕರಿಸಿದ ಎಲ್ಲ ಮನೆಯವರಿಗೂ ಕೈ ಮುಗಿದೆ. ತೀರ್ಪುಗಾರರಲ್ಲಿ ಕಾಲೇಜಿನ ಒಬ್ಬ ಮೇಡಂ ಇದ್ದರು. ನಮ್ಮ ಕಡೆಯವರೇ ಎಂದು ಅವರು ಬಾಯಿ ತೆಗೆದ ಕೂಡಲೇ ಗೊತ್ತಾಯಿತು.

“ಛಲೋ ಮಾತಾಡಿದಿ ತಂಗಿ. ಇಷ್ಟ ಮನಿ ತಿರಗೀದಿ, ನಿನ್ನ ಊಟಾ-ಗೀಟಾ?”

ಇಂಥ ಸುಲಭ ಪ್ರಶ್ನೆ ಬಂದದ್ದಕ್ಕೆ ಖುಷಿಯಾಗಿ, “ಯಾರೂ ಹಂಗ ಕಳಸಲಿಲ್ರಿ ಮೇಡಂ. ಎಲ್ಲಾರ ಮನ್ಯಾಗೂ ಉಂಡೇನ್ರಿ,” ಅಂದೆ.

“ಏನ ಉಂಡಿ?”

“ರೊಟ್ಟಿರಿ.”

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. “ಚಪಾತಿ ಯಾರೂ ಕೊಡಲಿಲ್ಲೇನ?” ಎಂದು ಮೆತ್ತಗೆ ಕೇಳಿದರು.

ನಾನು ನೆನಪು ಮಾಡಿಕೊಂಡೆ. ಸತ್ಯ ಹೇಳಬೇಕಲ್ಲ, ಸಂಶೋಧಕಿ. “ಒಂದ ಮನ್ಯಾಗ ಕೊಟ್ರಿ ಮೇಡಂ. ಅವರ ಮನಿಗಿ ಅವತ್ತ ಹೊಸಾ ಅಳಿಯಾ ಬಂದಿದ್ರಿ, ಅದಕ್ಕ.”

ಹಾಲು ಉಕ್ಕಿದ ಹಾಗೆ ಇಡೀ ಸಭೆ ನಕ್ಕಿತು. ನಮ್ಮ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುತ್ತಿದ್ದರೋ ಏನೋ ಗೊತ್ತಾಗಲಿಲ್ಲ. ನನಗೆ ಆ ಕ್ಷಣದಲ್ಲೂ ಪೂರ್ತಿ ತಿಳಿದಿರಲಿಲ್ಲ. ನಗು ಮುಗಿಯುವ ಹೊತ್ತಿಗೆ ಒಂದೊಂದೇ ತಾಟು ಕಣ್ಣ ಮುಂದೆ ಬರತೊಡಗಿತು. ಬೆಣ್ಣೆ ಇಟ್ಟ ರೊಟ್ಟಿ, ಪುಂಡಿಪಲ್ಯದ ರೊಟ್ಟಿ, ಜಗಳ ತೆಗೆದ ಬೀಗತಿಯ ಕೈಯಲ್ಲಿದ್ದ ರೊಟ್ಟಿ. ಮೈಕು ಹಿಡಿದುಕೊಂಡೇ ನಿಂತಿದ್ದೆ. ಕೆಳಗೆ ಇಳಿ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಹಿಂದಿನ ಸಾಲಿನಲ್ಲಿ ಅಪ್ಪ ಒಬ್ಬನೇ ನಗದೆ, ತೊಡೆಯ ಮೇಲಿನ ಪ್ರತಿಯನ್ನು ಬೋರಲು ಹಾಕಿ ಕೂತಿದ್ದ.

ಹೊರಗೆ ಸರ್ ಸಿಕ್ಕರು. ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. “ನಾ ಗಂಟಿ ಹೊಡದ ಮ್ಯಾಲೂ ಕೇಳಬೇಕಾಗಿತ್ತು,” ಅಂದರು. ಅಷ್ಟೇ ಅಂದು ನನಗೆ ಕಬ್ಬಿನ ಹಾಲು ಕುಡಿಸಿದರು.

ಬಸ್ಸು ಮನಗೂಳಿ ದಾಟಿತು. ಆಮೇಲೆ ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಕೇಳಿದ.

“ನಿಮ್ಮ ಅತ್ತಿ ತಾನಾಗೇ ಹೌದು ಅಂದಿದ್ಲೇನ?”

“ಇಲ್ಲಪಾ. ಇಲ್ಲ ಅಂದ್ರ ನೂರಕ್ಕ ನೂರ ಆಗಂಗಿಲ್ಲ ಅಂತ ನಾ ಹೇಳಿದ್ನಿ.”

ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಇಬ್ಬರೂ ಒಟ್ಟಿಗೇ ಆ ಅಂಗಡಿಯ ಕಡೆ ನೋಡಿದೆವು. ಬಾಗಿಲು ತೆರೆದಿತ್ತು. ಒಳಗೆ ಬಣ್ಣಬಣ್ಣದ ಮೊಬೈಲ್ ಕವರುಗಳನ್ನು ಮೊಳೆಗೆ ಸಿಕ್ಕಿಸುತ್ತಿದ್ದರು.

ಮನೆ ಮುಟ್ಟಿದಾಗ ಅತ್ತಿ ಪಡಸಾಲೆಯಲ್ಲಿ ಕೂತು ಯಾರದೋ ಮದುವೆಯ ರೊಟ್ಟಿಗಳನ್ನು ಬಟ್ಟೆಯಲ್ಲಿ ಅಡಕುತ್ತಿದ್ದಳು. ನಮ್ಮನ್ನು ಕಂಡು ಎದ್ದೇಬಿಟ್ಟಳು.

“ಎಷ್ಟನೇ ನಂಬರ ಬಂತವಾ?”

“ಬರಲಿಲ್ಲ ಅತ್ತಿ.”

“ಅಯ್ಯ, ಯಾಕ? ನಾವೆಲ್ಲಾರೂ ಹೌದು ಅಂದಿದ್ದಿವಲ್ಲಾ!”

ಅಷ್ಟು ಜನ ನಕ್ಕಾಗ ಬಾರದಿದ್ದ ಅಳು ಆಗ ಬಂತು. ನಾನು ಚಪ್ಪಲಿ ಕೂಡ ಬಿಡದೆ ಅವಳ ಮುಂದೆ ಕುಕ್ಕರಿಸಿದೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸುತ್ತ, ಮುಂದಿನ ವರ್ಷ ಇನ್ನೂ ಹೆಚ್ಚು ಮನೆಗೆ ಹೋಗೋಣ, ತಾನೂ ಜೊತೆಗೆ ಬರುತ್ತೇನೆ ಎಂದು ಸಮಾಧಾನ ಮಾಡತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡೆ.

“ಅತ್ತಿ, ನಿನಗ ಆ ಅಂಗಡಿ ಬೇಕಾಗಿತ್ತೇನ?”

ಅವಳು ಬಾಗಿಲ ಕಡೆ ನೋಡಿದಳು. ಅಪ್ಪ ಅಲ್ಲೇ ಚೌಕಟ್ಟು ಹಿಡಿದು ನಿಂತಿದ್ದ. ಅವನಿಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಾಳೆ ಅಂದುಕೊಂಡೆ. ತಗ್ಗಿಸಲಿಲ್ಲ.

“ಬೇಕಾಗಿತ್ತು,” ಅಂದಳು. “ಭಾಳ ಬೇಕಾಗಿತ್ತು.”

“ಅದನ್ನ ಮೊಬೈಲ್ ಕವರಿನವರಿಗಿ ಕೊಟ್ಟಾರವಾ,” ಅಂದ ಅಪ್ಪ. ಅವನ ದನಿ ತಪ್ಪು ಮಾಡಿ ಬಂದವನ ದನಿಯ ಹಾಗಿತ್ತು.

“ಗೊತ್ತೈತಿ. ಮೊನ್ನೆ ಬಸ್ಸಿನ್ಯಾಗ ಹೋಗುವಾಗ ನೋಡೇನಿ.” ಅತ್ತಿ ಮತ್ತೆ ಕೂತು, ಬಟ್ಟೆಯ ನಾಲ್ಕೂ ಮೂಲೆ ಎಳೆದು ಗಂಟು ಹಾಕಿದಳು. “ಬ್ಯಾರೇದು ನೋಡಣ್ಣಾ. ನಾಳಿಗೇ ನೋಡು.”

ನಮ್ಮ ಮನೆಯಲ್ಲಿ ಅಪ್ಪನಿಗೆ ಹಾಗೆ ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ. ಅತ್ತಿಯೂ ಕೇಳಿರಲಿಕ್ಕಿಲ್ಲ, ಹೇಳಿದ ಮೇಲೆ ಅವಳ ಕಿವಿಯೇ ಕೆಂಪಾಯಿತು. ಅಪ್ಪ “ನೋಡೂಣು” ಅನ್ನಲಿಲ್ಲ. “ಆತವಾ, ನಾಳಿಗಿ ಹೋಗಿ ಕೇಳ್ತೇನಿ,” ಅಂದ.